ಖಾಲಿ ಸರತಿ ಸಾಲು

ಬೆಳಿಗ್ಗೆ ಹತ್ತು ನಲವತ್ತು. ಔಷಧ ಉಗ್ರಾಣದ ಹದಿನಾಲ್ಕು ಬಾಗಿಲುಗಳೂ ಒಮ್ಮೆಲೇ ಬೀಗ ಹಾಕಿಕೊಂಡವು.

ನಿಯಂತ್ರಣ ಕೊಠಡಿಯಲ್ಲಿ ನಾಲ್ವರು ಸಿಕ್ಕಿಬಿದ್ದರು — ಆಪರೇಟರ್, ಮ್ಯಾನೇಜರ್, ಭದ್ರತಾ ತಪಾಸಣೆಗೆ ಬಂದಿದ್ದ ಮೇಡಂ, ಹೊಸ ತಂತ್ರಾಂಶದ ಡೆಮೊ ತೋರಿಸಲು ಬಂದಿದ್ದ ಮಾರಾಟಗಾರ. ಐದನೆಯವಳು ಕೆಳಗೆ, ಮೈನಸ್ ಇಪ್ಪತ್ತು ಡಿಗ್ರಿಯ ಶೀತಲ ಕೋಣೆಯಲ್ಲಿ. ಸ್ಟೋರ್‌ಕೀಪರ್, ಆಪರೇಟರನ ಅಕ್ಕ. ಆ ಬಾಗಿಲಿನ ಒಳಹಿಡಿ ಮುರಿದು ಎರಡು ತಿಂಗಳಾಗಿತ್ತು. ಅಗ್ನಿಶಾಮಕದವರು ಬರಲು ಅರ್ಧ ಗಂಟೆ ಬೇಕು ಎಂದಿದ್ದರು.

ಇಂಟರ್‌ಕಾಮ್ ಮಾತ್ರ ಬದುಕಿತ್ತು.

"ಅಕ್ಕಾ, ಕೋಟು ಹಾಕಿದ್ದೀಯಾ?"

"ಎರಡು ನಿಮಿಷದ ಕೆಲಸ ಅಂತ ಸ್ವೆಟರ್‌ನಲ್ಲೇ ಬಂದೆ. ಫ್ರಿಜ್ ಬಾಗಿಲು ಹಾಕೋ ಅಂತ ದಿನಾ ಬೈತಿದ್ದೆ. ಇವತ್ತು ಸರಿಯಾಗೇ ಹಾಕಿದ್ದೀಯ ಕಣೋ."

ಅವನಿಗೆ ನಗು ಬರಲಿಲ್ಲ. ಬಾಗಿಲು ತೆರೆಯುವ ಪ್ರತಿ ಆದೇಶವೂ ಬ್ರೋಕರ್ ಎಂಬ ತಂತ್ರಾಂಶದ ಮೂಲಕವೇ ಹೋಗಬೇಕು. ಅಂಚೆ ಕಚೇರಿಯಂತೆ, ಸಂದೇಶ ಪಡೆದು, ಸಾಲಿನಲ್ಲಿಟ್ಟು, ತಲುಪಿಸುವುದು ಅದರ ಕೆಲಸ; ಅದು ನಿಂತರೆ ಬಾಗಿಲುಗಳು ತಾವಾಗಿ ಬೀಗ ಹಾಕಿಕೊಳ್ಳುತ್ತವೆ. ಅವನು ಎರಡು ಸಲ ಅದನ್ನು ನಿಲ್ಲಿಸಿ ಚಾಲೂ ಮಾಡಿದ. ಎರಡು ಸಲವೂ ಹತ್ತೇ ಸೆಕೆಂಡಿನಲ್ಲಿ ಮೆಮೊರಿ ತುಂಬಿ ಉಸಿರುಕಟ್ಟಿತು. ಬಾಗಿಲುಗಳು ಮತ್ತೆ ಸಂಪರ್ಕಕ್ಕೆ ಬರಲು ಮೂವತ್ತು ಬೇಕು.

"ಪಾಸ್‌ವರ್ಡ್ ಇರೋದು ನಿನ್ನೊಬ್ಬನ ಹತ್ರ," ಎಂದರು ಮ್ಯಾನೇಜರ್. "ರಜೆ ಕೊಡಲಿಲ್ಲ ಅಂತ ಸಿಟ್ಟಾ?"

"ಸರ್, ಒಳಗಿರೋದು ನಮ್ಮಕ್ಕ."

"ಅವಳು ಒಳಗೆ ಹೋಗಿದ್ದು ನಿಂಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಹಾಗೆಂದರೆ, ಗೊತ್ತಿಲ್ಲದೆ ಬೀಗ ಹಾಕಿದ ಎಂದಾಗಿ ಇನ್ನಷ್ಟು ಸಿಕ್ಕಿಕೊಳ್ಳುತ್ತಾನೆ. ಮಾರಾಟಗಾರ ತೊಡೆಯ ಮೇಲಿನ ಚೀಲಕ್ಕೆ ಕೈ ಒರಗಿಸಿ ಸುಮ್ಮನೆ ಕೂತಿದ್ದ.

"ಬೆಂಕಿ ಗಂಟೆ ಒತ್ತಿದರೆ?" ಮೇಡಂ ಕೇಳಿದರು.

"ಅದೂ ಇದೇ ದಾರಿ, ಮೇಡಂ."

"ಸಾಲಿನಲ್ಲಿ ಎಷ್ಟು ಸಂದೇಶ ಇವೆ?"

"ಒಂದೂ ಇಲ್ಲ."

"ಸಾಲು ಖಾಲಿ — ಜಾಗ ಭರ್ತಿ?"

ಇಂಟರ್‌ಕಾಮ್ ಗೊರಗುಟ್ಟಿತು. "ಬೆರಳುಗಳು ನನ್ನ ಮಾತು ಕೇಳ್ತಿಲ್ಲ ಕಣೋ..."

ಮೇಡಂ ಎದ್ದರು. ಗೋಡೆಯಿಂದ ಮಾರಾಟಗಾರನ ಚೀಲದೊಳಕ್ಕೆ ಹೋಗಿದ್ದ ನೀಲಿ ನೆಟ್‌ವರ್ಕ್ ಕೇಬಲನ್ನು ಕಿತ್ತರು. "ಈಗ ಚಾಲೂ ಮಾಡಿ."

ಹತ್ತು ಸೆಕೆಂಡು. ಇಪ್ಪತ್ತು. ಮೂವತ್ತು. ಟಕ್. ಹತ್ತು ಐವತ್ತೆಂಟು.

"ತೆಗೀತು," ಎಂದಿತು ಇಂಟರ್‌ಕಾಮ್. ಆಪರೇಟರ್ ಕೆಳಗೆ ಓಡಿದ.

"ನನ್ನ ಹತ್ರ ಪಾಸ್‌ವರ್ಡೇ ಇಲ್ಲ," ಎಂದ ಮಾರಾಟಗಾರ.

"ಬೇಕಾಗಿಲ್ಲ," ಎಂದರು ಮೇಡಂ. "ನೀವು ಯಾರು ಅಂತ ಕೇಳೋ ಮೊದಲೇ ಈ ಬ್ರೋಕರ್, ಸಂದೇಶ ಎಷ್ಟು ದೊಡ್ಡದು ಅಂತ ಕೇಳುತ್ತೆ. ಹೇಳಿದಷ್ಟು ಜಾಗ ಬಿಟ್ಟು ಕಾಯುತ್ತೆ. ಚೀಲದೊಳಗಿನ ನಿಮ್ಮ ಲ್ಯಾಪ್‌ಟಾಪ್ ಭಾರೀ ಅಳತೆ ಹೇಳಿ ಏನೂ ಕಳಿಸಲಿಲ್ಲ — ಮತ್ತೆ ಮತ್ತೆ. ಬಸ್ಸಿನ ಸೀಟಿಗೆಲ್ಲ ಕರವಸ್ತ್ರ ಹಾಕಿ, ಹತ್ತದೇ ಉಳಿದ ಹಾಗೆ. ಅದಕ್ಕೇ ಸಾಲು ಖಾಲಿ."

"ಕೇಬಲ್ ಡೆಮೊಗೆ ಕೊಟ್ಟಿದ್ದು. ಕೇಬಲ್ ಇದ್ದವರೆಲ್ಲ ಕಳ್ಳರಾ?"

"ಅಲ್ಲ. ಆದರೆ ಹಳೇದು ಕಣ್ಣೆದುರೇ ಕುಸಿದಾಗ, ಹೊಸದು ಮಾರೋಕೆ ಬಂದ ನೀವು ಬಾಯಿ ಬಿಡಲಿಲ್ಲ, ಚೀಲದ ಜಿಪ್ಪೂ ತೆಗೀಲಿಲ್ಲ. ಗಿರಾಕಿ ಓಡಿ ಬರೋವಾಗ ಅಂಗಡಿ ಮುಚ್ಚೋ ವ್ಯಾಪಾರಿ ಎಲ್ಲಿದ್ದಾನೆ?"

ಮಾರಾಟಗಾರ ನೆಲ ನೋಡಿದ. "ಹಳೇದನ್ನ ಐದು ನಿಮಿಷ ನಿಲ್ಲಿಸಿ ತೋರಿಸೋಣ ಅಂದ್ಕೊಂಡೆ. ಒಳಗೊಬ್ಬರು ಇದ್ದಾರೆ ಅಂತ ಗೊತ್ತಾದ ಮೇಲೆ... ಚೀಲ ತೆಗೆದರೆ ನಾನೇ ಅಂತ ಗೊತ್ತಾಗ್ತಿತ್ತು."

ಈ ದೋಷ ಮುಚ್ಚುವ ಅಪ್‌ಡೇಟ್ ನಾಲ್ಕು ತಿಂಗಳಿಂದ ಮ್ಯಾನೇಜರರ ಒಪ್ಪಿಗೆಗೆ ಕಾದಿತ್ತು. ಆ ಮಧ್ಯಾಹ್ನ ಆಪರೇಟರ್ ಅದನ್ನು ಹಾಕಿದ. ಹದಿನಾಲ್ಕು ನಿಮಿಷ ಹಿಡಿಯಿತು.