ಟ್ವೀಟರಿನ ಕಾವಲು ಬಲ್ಬು

"ಇದರೊಳಗಿರೋ ಬಲ್ಬ್ ಕಿತ್ತು ಬಿಸಾಕಿ ಮೇಡಂ!"

ನಮಸ್ಕಾರವೂ ಇಲ್ಲ, ಪೀಠಿಕೆಯೂ ಇಲ್ಲ. ರಿಪೇರಿಯವಳು ತಲೆ ಎತ್ತಿದಳು. ಅಂಗಡಿ ಬಾಗಿಲಲ್ಲಿ ಹಳೇಕಾಲದ ದೊಡ್ಡ ಸ್ಪೀಕರೊಂದು ಎರಡು ಕಾಲು ಹಚ್ಚಿಕೊಂಡು ನಿಂತಿತ್ತು. ಅದರ ಮೇಲಂಚಿನಲ್ಲಿ ಒಂದಿಷ್ಟು ಗುಂಗುರು ಕೂದಲು, ಎರಡು ಕಣ್ಣು. ಕಣ್ಣು ಚೆನ್ನಾಗಿದ್ದವು. ಮಾತು ಚೆನ್ನಾಗಿರಲಿಲ್ಲ.

"ಯಾವ ಬಲ್ಬು? ಯಾಕೆ ಬಿಸಾಕಬೇಕು?"

"ಟ್ವೀಟರಿಗೆ ಹೋಗೋ ದಾರೀಲಿ ಒಂದು ಪುಟಾಣಿ ಬಲ್ಬ್ ಇದೆಯಂತೆ. ಅದನ್ನ ತೆಗೆದು ನೇರ ವೈರ್ ಕೊಟ್ರೆ ಸೌಂಡಿನ ಮುಸುಕೇ ಸರಿದ ಹಾಗೆ ಆಗುತ್ತಂತೆ. ನೆಟ್ಟಲ್ಲಿ ಎಲ್ರೂ ಹೇಳ್ತಾರೆ."

"ಟ್ವೀಟರ್ ಸುಟ್ಟುಹೋದ್ರೆ ನೆಟ್ಟಲ್ಲಿರೋರು ಹೊಸದು ಕೊಡ್ತಾರಂತಾ?"

"ಮೊದ್ಲು ಇದನ್ನ ಕೆಳಗಿಡ್ಲಾ? ಕೈ ಬಿದ್ದುಹೋಗ್ತಿದೆ. ಆಮೇಲೆ ನಿಧಾನಕ್ಕೆ ಬೈಯಿರಿ."

ಮೂಲೆಯಲ್ಲಿ ಕೂತು ತಾಮ್ರದ ತಂತಿ ಸುತ್ತುತ್ತಿದ್ದ ಅತ್ತೆ ಕಿಸಕ್ಕನೆ ನಕ್ಕಳು. ಅಂಗಡಿ ಅತ್ತೆಯದು, ಕಿವಿ ಸೋದರಸೊಸೆಯದು ಅಂತ ಬೀದಿಯವರೆಲ್ಲ ಹೇಳುತ್ತಿದ್ದರು. ತಮ್ಮನ ಮಗಳಿಗೆ ಬೆಸುಗೆ ಹಾಕುವುದನ್ನು ಕಲಿಸಿದವಳೂ ಅತ್ತೆಯೇ.

ಬಂದವನು ಡ್ಯಾನ್ಸ್ ಮೇಷ್ಟ್ರು. ಸ್ಪೀಕರ್ ಜೋಡಿ ಅವನಿಗೆ ಕುಣಿತ ಕಲಿಸಿದ ಗುರುಗಳು ಕೊಟ್ಟದ್ದು. ಮುಂದಿನ ವಾರ ಮಕ್ಕಳ ಶೋ. ಗುರುಗಳೇ ಮುಂದಿನ ಸಾಲಿನಲ್ಲಿ ಕೂರುತ್ತಾರೆ.

ಅವಳು ಪೆಟ್ಟಿಗೆ ಬಿಚ್ಚಿ, ಕಡಲೆಕಾಳಿಗಿಂತ ತುಸು ದೊಡ್ಡದಿದ್ದ ಬಲ್ಬನ್ನು ತೋರಿಸಿದಳು. "ನೋಡಿ, ಸೌಂಡು ಹದವಾಗಿದ್ರೆ ಇದು ತೆಪ್ಪಗಿರುತ್ತೆ. ನೀವು ಹುಚ್ಚಾಪಟ್ಟೆ ಏರಿಸಿದ್ರೆ ಹೊತ್ತಿಕೊಂಡು, ಹೆಚ್ಚಾದ ಕರೆಂಟನ್ನ ತಾನೇ ನುಂಗುತ್ತೆ. ಮೇಲಿನ ಸ್ವರ ಹಾಡೋ ಆ ಚಿಕ್ಕ ಟ್ವೀಟರ್ ಇದರಿಂದಲೇ ಬದುಕಿದೆ. ಅದು ಹೋದ್ರೆ ಎಲ್ಲೂ ಸಿಗಲ್ಲ."

"ಆದ್ರೆ ಜೋರಾದಾಗ ತಾಳವನ್ನೂ ನುಂಗುತ್ತಲ್ಲ!"

"ಅದೆಲ್ಲ ಭ್ರಮೆ."

"ನನ್ನ ಕಾಲಿಗೆ ಭ್ರಮೆ ಇಲ್ಲ ಮೇಡಂ."

ಈ ಅಂಗಡಿಯಲ್ಲಿ ಜಗಳ ಬಾಯಲ್ಲಿ ತೀರುವುದಿಲ್ಲ, ಕಿವಿಯಲ್ಲಿ ತೀರುತ್ತದೆ. ಅವಳು ಒಂದು ಸ್ವಿಚ್ಚಿನ ಆ ಕಡೆ ಬಲ್ಬು, ಈ ಕಡೆ ಅಷ್ಟೇ ತಡೆಯ, ಆದರೆ ಹೊತ್ತಿಕೊಳ್ಳದ ರೆಸಿಸ್ಟರ್ ಜೋಡಿಸಿದಳು. ಅವನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಸ್ವಿಚ್ ಅತ್ತಿತ್ತ ಮಾಡುತ್ತ "ಈಗ ಯಾವುದು?" ಎಂದು ಕೇಳಿದಳು. ಅವನು ಬಾಯಿಗೆ ಬಂದದ್ದು ಹೇಳಿದ. ಸೋತ.

"ಗೋಡೆ ತುಂಬಾ ಚೆನ್ನಾಗಿದೆ," ಎಂದು ತಿರುಗಿದ. "ಆದ್ರೆ ಮೇಡಂ, ಇದು ತೊಟ್ಟಿಲು ತೂಗೋ ವಾಲ್ಯೂಮು. ಕುಣಿಯೋ ವಾಲ್ಯೂಮಲ್ಲಿ ಕೇಳ್ಸಿ."

ಅವಳು ತುಟಿ ಕಚ್ಚಿಕೊಂಡಳು. ಪಕ್ಕದ ಟೈಲರ್ ಗೋಡೆ ಗುದ್ದುತ್ತಾನೆಂದು ಈ ಅಂಗಡಿಯಲ್ಲಿ ಯಾವತ್ತೂ ಯಾವ ಸ್ಪೀಕರೂ ಬಾಯಿ ಬಿಟ್ಟು ಹಾಡಿರಲಿಲ್ಲ. ಅದನ್ನು ಒಪ್ಪಿಕೊಳ್ಳಬೇಕಲ್ಲ!

"ಸರಿ, ನಿಮ್ಮ ಡ್ಯಾನ್ಸ್ ಹಾಲ್‌ಗೇ ಬರ್ತೀನಿ. ಅಲ್ಲೂ ಸೋತ್ರೆ ಬಲ್ಬಿನ ಸುದ್ದಿ ಎತ್ತಬಾರದು."

"ಗೆದ್ರೆ?"

"ನನ್ನ ಕೈಯಾರೆ ಕೀಳ್ತೀನಿ."

ಹೊರಡುವಾಗ ಅವನು ಹೊಸ್ತಿಲಲ್ಲಿ ನಿಂತು ಮತ್ತೊಮ್ಮೆ ತಿರುಗಿದ. ಅವಳು ಸ್ಕ್ರೂ ಹುಡುಕುವವಳಂತೆ ಬಗ್ಗಿದಳು. "ಸ್ಕ್ರೂ ನಿನ್ನ ಕೈಯಲ್ಲೇ ಇದೆ ಕಣೇ," ಎಂದಳು ಅತ್ತೆ.

ಮರುದಿನ ಸಂಜೆ ಹಾಲ್‌ನಲ್ಲಿ ಅವನು ಮತ್ತೆ ಬೆನ್ನು ತಿರುಗಿಸಿ ನಿಂತ. ಈ ಸಲ ಬಾಯಲ್ಲಿ ಹೇಳಲಿಲ್ಲ, ಕುಣಿದ. ಮರದ ನೆಲ ನಡುಗುವಷ್ಟು ಸಂಗೀತ. ಅವಳು ಸ್ವಿಚ್ಚನ್ನು ಬಲ್ಬಿನ ಕಡೆ ಹಾಕಿದಾಗ ಅವನ ಹಿಮ್ಮಡಿ ನೆಲ ಮುಟ್ಟುವುದಕ್ಕೆ ಒಂದು ಕೂದಲೆಳೆ ಅನುಮಾನಿಸುತ್ತಿತ್ತು. ತಾಳದ ಚೂಪು ತುದಿ ಮೊಂಡಾಗಿ, ಅವನು ಅದನ್ನು ತಡಕಾಡುತ್ತಿದ್ದ. ಬಲ್ಬು ತಪ್ಪಿಸಿದ ಕೂಡಲೇ ಮೈಯೆಲ್ಲ ಬಿಚ್ಚಿಕೊಂಡು ಹಾರುತ್ತಿದ್ದ. ಒಮ್ಮೆಯೂ ತಪ್ಪಲಿಲ್ಲ.

ಸ್ವಿಚ್ ಹಿಡಿದವಳು ಸ್ವಿಚ್ಚನ್ನೇ ಮರೆತಳು. ಅಷ್ಟು ಹೊತ್ತು ಯಾರ ಬೆನ್ನನ್ನೂ ಅವಳು ನೋಡಿರಲಿಲ್ಲ.

"ಏನಾಯ್ತು ಮೇಡಂ, ಬದಲಾಯಿಸ್ತಾನೇ ಇಲ್ಲ?"

"ನೀವು ಗೆದ್ರಿ," ಎಂದಳು. ಹೇಳಲು ಕಷ್ಟವಾಗಲಿಲ್ಲ, ಅದೇ ಆಶ್ಚರ್ಯ. "ತಾಳವನ್ನ ನುಂಗೋದು ನಿಜ. ಆದ್ರೆ ಬಲ್ಬ್ ಟ್ವೀಟರ್ ಕಾಯುತ್ತೆ ಅನ್ನೋದೂ ನಿಜ. ಕೀಳ್ತೀನಿ. ಶೋ ದಿನ ಮಾತ್ರ ವಾಲ್ಯೂಮ್ ಗುಂಡಿ ನನ್ನ ಕೈಯಲ್ಲಿರ್ಬೇಕು. ನಿಮ್ಮ ಗುರುಗಳ ಎದುರು ಅದು ಸುಟ್ಟುಹೋದ್ರೆ ನಾನು ಸಹಿಸಲ್ಲ."

"ಅಂದ್ರೆ ಬಲ್ಬಿನ ಕೆಲ್ಸ ನೀವು ಮಾಡ್ತೀರಾ?"

"ಬಲ್ಬಿಗಿಂತ ಚೆನ್ನಾಗಿ ಮಾಡ್ತೀನಿ."

ಮಾಡಿದಳು ಕೂಡ. ಶೋ ದಿನ ಯಾರದೋ ಅಪ್ಪ ಉತ್ಸಾಹದಲ್ಲಿ ಮೈಕ್ ಹಿಡಿದು ನೇರ ಸ್ಪೀಕರ್ ಮುಂದೆಯೇ ನಿಂತುಬಿಟ್ಟ. ಕುಂಯ್ ಎಂಬ ಕಿರುಚಾಟ ಏಳುವ ಮೊದಲೇ ಅವಳ ಬೆರಳು ಗುಂಡಿಯನ್ನು ಇಳಿಸಿತ್ತು. ಟ್ವೀಟರ್ ಉಳಿಯಿತು. ಮಕ್ಕಳ ಹೆಜ್ಜೆ ಒಂದೂ ಜಾರಲಿಲ್ಲ. ಕೊನೆಗೆ ಮೇಷ್ಟ್ರು ಒಬ್ಬನೇ ಕುಣಿದಾಗ ಗುರುಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬೆವರು ಒರೆಸಿಕೊಳ್ಳುತ್ತ ಅವನು ಎಲ್ಲರಿಗಿಂತ ಮೊದಲು ಅವಳ ಬಳಿಗೆ ಓಡಿಬಂದ. "ಹೇಗಿತ್ತು?"

"ಸೂಪರ್! ಒಂದು ಚೂರೂ ಸೀಳಲಿಲ್ಲ."

"ಸೌಂಡಲ್ಲ. ನಾನು."

ಅವಳು ಕಣ್ಣು ಪಿಳಿಪಿಳಿಸಿದಳು. "ನೋಡಲಿಲ್ಲ. ಕಣ್ಣೆಲ್ಲ ಆ್ಯಂಪಿನ ಗುಂಡಿ ಮೇಲೇ ಇತ್ತು."

"ಓ," ಎಂದ ಅವನು. ಯಾರೋ ಕರೆದರು, ಹೋದ.

ಆ ಒಂದಕ್ಷರ ಅವಳ ಜೊತೆ ಮನೆ ತನಕ ನಡೆದು ಬಂತು.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಆಟೋ ನಿಂತಿತು. ಮೇಷ್ಟ್ರು ಎರಡೂ ಸ್ಪೀಕರ್ ಇಳಿಸಿ, ಟೇಬಲ್ಲಿನ ಮೇಲಿಟ್ಟ.

"ಬಲ್ಬ್ ವಾಪಸ್ ಹಾಕ್ಬಿಡಿ."

ಅವಳು ಬೆಸುಗೆ ಕಡ್ಡಿಯನ್ನು ಕೈಗೆತ್ತಿಕೊಂಡಳು. ತನ್ನ ಕೆಲಸ ಬೇಡವಾಯಿತೇ? ತಾನೇ ಬೇಡವಾದಳೇ? "ಸೌಂಡು ಚೆನ್ನಾಗಿರಲಿಲ್ವಾ?"

"ಹುಟ್ಟಿದಾಗಿಂದ ಅಂಥ ಸೌಂಡಿಗೆ ಕುಣಿದಿಲ್ಲ."

"ಮತ್ತೆ? ನೀವೇ ಅಲ್ವಾ ಕಿತ್ತು ಬಿಸಾಕಿ ಅಂದಿದ್ದು?"

"ಅಂದಿದ್ದೆ. ಆಗ ನಿಮ್ಮನ್ನ ಇನ್ನೂ ನೋಡಿರ್ಲಿಲ್ಲ." ನೂರು ಜನರೆದುರು ಕುಣಿಯುವವನ ಕಿವಿ ಕೆಂಪಾಗಿತ್ತು. "ನಾನು ಕುಣಿದಿದ್ದು ನಿಮಗೋಸ್ಕರ. ನೀವು ಪೆಟ್ಟಿಗೆ ಕಾಯ್ತಾ ಕೂತಿದ್ರಿ. ತಾಳ ಒಂಚೂರು ಮೊಂಡಾದ್ರೆ ಆಗಲಿ, ನನ್ನ ಕಾಲಿಗೆ ಹೇಳ್ಕೋತೀನಿ. ಕಾಯೋ ಕೆಲ್ಸ ಬಲ್ಬಿಗೇ ಬಿಡಿ. ನನಗೆ ನಿಮ್ಮ ಕೈ ಖಾಲಿ ಬೇಕು. ಕಣ್ಣೂ ಖಾಲಿ ಬೇಕು."

ಅಂಗಡಿಯಲ್ಲಿ ತಂತಿ ಸುತ್ತುವ ಸದ್ದು ನಿಂತುಹೋಗಿತ್ತು.

"ನನಗೆ ಕುಣಿಯೋಕೆ ಬರಲ್ಲ," ಎಂದಳು ಅವಳು, ಮೆಲ್ಲಗೆ.

"ನನಗೆ ಕಲಿಸೋಕೆ ಬರುತ್ತೆ."

"ಕಾಲು ತುಳೀತೀನಿ."

"ಎರಡಿವೆ."

"ಅಯ್ಯೋ ಶಿವನೇ," ಎಂದು ಅತ್ತೆ ಎದ್ದು ಬಂದಳು. "ನೀವಿಬ್ರೂ ಹೀಗೇ ನಿಂತ್ರೆ ಬಲ್ಬಿಗೆ ವಯಸ್ಸಾಗುತ್ತೆ. ಇತ್ತ ಕೊಡೇ, ನಾನು ಬೆಸುಗೆ ಹಾಕ್ತೀನಿ. ನೀನು ಹೋಗು ಆ ಕಡೆ."

ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಅತ್ತೆಗೆ ಕೊಟ್ಟು ಅವಳು ಟೇಬಲ್ ಬಳಸಿ ಬಂದಳು. ಅವನು ಅಂಗೈ ಚಾಚಿದ. ಅವಳು ತನ್ನ ಅಂಗೈ ಅದರಲ್ಲಿಟ್ಟಳು, ನೇರ ಅವನ ಕಣ್ಣನ್ನೇ ನೋಡುತ್ತ.

"ಕೈ ಇಷ್ಟು ಬಿಸಿ ಇದೆ?" ಎಂದ.

"ಕಡ್ಡಿ ಹಿಡ್ಕೊಂಡಿದ್ದೆ ಅಲ್ವಾ."

"ಅದಕ್ಕಿನ್ನೂ ಪ್ಲಗ್ಗೇ ಹಾಕಿಲ್ಲ ಮೇಡಂ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. "ಗೊತ್ತು," ಎಂದಳು.