ಅಳತೆಗೆ ನಿಂತವಳು

ಎದುರಿನ ಕನ್ನಡಕದಂಗಡಿಯವನು ಒಂದು ಲೇಸ್ ಶಾಲು ಬೇಕೆಂದು ಉಲ್ಲನ್ ಅಂಗಡಿಯ ಮೆಟ್ಟಿಲು ಹತ್ತಿದಾಗ, ಯಾರಿಗೆ ಎಂದು ಅಲ್ಲಿ ಹೆಣೆಯುವ ಹುಡುಗಿ ಕೇಳಿದ್ದಳು.

"ಮುಗಿದ ಮೇಲೆ ಹೇಳ್ತೀನಿ. ನಿಮ್ಮಷ್ಟೇ ಎತ್ತರ, ನಿಮ್ಮಂಥದ್ದೇ ಭುಜ ಅಂದ್ಕೊಳ್ಳಿ," ಎಂದು ಅವನು ಕಣ್ಣಲ್ಲೇ ನಕ್ಕ. ಇಂಥ ಮಾತಿಗೆ ಯಾವ ಹುಡುಗಿ ತಾನೇ ಬೇರೆ ಅರ್ಥ ಹುಡುಕುತ್ತಾಳೆ?

ಅವಳು ಕುತ್ತಿಗೆಯಿಂದ ಶುರು ಮಾಡಿ ಕೆಳಕ್ಕೆ ಹೆಣೆಯುವವಳು. ಮೊದಲು ಕಡ್ಡಿಯ ಮೇಲೆ ಬೆರಳಗಲದ ಪಟ್ಟಿ. ಅಂಚಿನಲ್ಲೂ ನಡುಗೆರೆಯ ಅಕ್ಕಪಕ್ಕದಲ್ಲೂ ನೂಲನ್ನು ಕಡ್ಡಿಗೆ ಸುಮ್ಮನೆ ಒಂದು ಸುತ್ತು ಸುತ್ತಿದರೆ ಅಲ್ಲೊಂದು ತೂತು, ಅಲ್ಲೇ ಒಂದು ಹೊಸ ಕುಣಿಕೆ. ಶಾಲು ತಾನಾಗಿ ಅಗಲವಾಗುತ್ತ ಹೋಗುತ್ತದೆ. ಅರ್ಧದಲ್ಲೇ ಹೊದ್ದು ನೋಡಬಹುದು, ಸಾಕೆನಿಸಿದಲ್ಲಿ ಮುಗಿಸಬಹುದು.

ಆ ಹೊದ್ದು ನೋಡುವ ನೆಪವೇ ಅವನಿಗೆ ಬೇಕಿದ್ದದ್ದು. ಸಂಜೆ ಕಡ್ಡಿ ಸಮೇತ ಶಾಲನ್ನು ಹೆಗಲಿಗೇರಿಸಿ ಅವಳು ಕನ್ನಡಿಯ ಮುಂದೆ ನಿಂತರೆ, ಅವನು ಶಾಲೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನೋಡುತ್ತಿದ್ದ. ಕನ್ನಡಿಯಲ್ಲಿ ಸಿಕ್ಕಿಬಿದ್ದರೆ ತನ್ನ ಕನ್ನಡಕ ತೆಗೆದು ಒರೆಸತೊಡಗುತ್ತಿದ್ದ. ಮೊಣಕೈ ಮುಟ್ಟಿತು, ಮುಗಿಸಲೇ ಎಂದರೆ ಇನ್ನೂ ಸ್ವಲ್ಪ ಇರಲಿ ಎನ್ನುತ್ತಿದ್ದ. ಹೀಗೇ ಬಿಟ್ಟರೆ ಇದು ಬೆಡ್‌ಶೀಟ್ ಆಗುತ್ತದೆ ಎಂದು ಗಲ್ಲಾದಲ್ಲಿ ಕೂತ ಚಿಕ್ಕಮ್ಮ ಗೊಣಗಿದರೂ ಒಳಗೊಳಗೇ ಹಿಗ್ಗುತ್ತಿದ್ದಳು. ಇವಳ ಕಾಲಂತೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಂದು ಮಧ್ಯಾಹ್ನ ಒಬ್ಬ ಟೀಚರ್ ಬಂದಳು. ಅದೇ ಎತ್ತರ, ಅದೇ ಭುಜ. ಎದುರಂಗಡಿಯವರನ್ನು ಮದುವೆಯಾಗುವವಳು ತಾನೇ ಎಂದು ನಾಚಿಕೊಂಡೇ ಹೇಳಿದಳು.

"ಮೊಣಕೈವರೆಗೆ ಸಾಕು ಅಂದಿದ್ದೆ. ನಿಮಗೆ ಪುರುಸೊತ್ತಿಲ್ಲ, ತಡ ಮಾಡ್ತಿದ್ದೀರಿ ಅಂತ ಅವರು ಹೇಳ್ತಾನೇ ಇದ್ರು. ಪರವಾಗಿಲ್ಲ ಬಿಡಿ."

ಮೋಸದ ಮೇಲೆ ತಡದ ಗೂಬೆಯನ್ನೂ ಅವನು ಇವಳ ತಲೆಯ ಮೇಲೇ ಕೂರಿಸಿದ್ದ. ಅವಳು ಶಾಲನ್ನು ಟೀಚರ್ ಹೆಗಲಿಗೆ ಹೊದಿಸಿದಳು. ಚೆನ್ನಾಗಿಯೇ ಒಪ್ಪಿತು.

"ತಡ ಮಾಡಿದ್ದು ನಾನಲ್ಲ," ಎಂದಳು. "ಮುಗಿಸ್ತೀನಿ ಅಂದಾಗೆಲ್ಲ ಬೇಡ ಅಂದಿದ್ದು ಅವರು. ಯಾಕೆ ಅಂತ ಅವರನ್ನೇ ಕೇಳಿ."

ಟೀಚರ್ ಕನ್ನಡಿಯಲ್ಲಿ ಇವಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಶಾಲನ್ನು ಮೆಲ್ಲಗೆ ತೆಗೆದಿಟ್ಟು ನೇರ ಎದುರಂಗಡಿಗೆ ನಡೆದಳು.

ಸಂಜೆ ಅವನು ಬಂದ. ಟೀಚರ್ ಮದುವೆ ಮುರಿದುಕೊಂಡು ಹೋದಳೆಂದ, ಶುರುವಿನಲ್ಲಿ ಶಾಲು ನಿಜವಾಗಿ ಅವಳಿಗೇ ಎಂದು ಬಂದಿದ್ದೆನೆಂದ.

"ಆಮೇಲೆ ನಿಮ್ಮನ್ನ ನೋಡದೆ ಇರೋಕಾಗ್ಲಿಲ್ಲ. ನಿಜ ಹೇಳಿದ್ರೆ ಬರಬೇಡಿ ಅಂತಿದ್ರಿ."

"ಅನ್ನೋದು ಬಿಡೋದು ನನಗೆ ಸೇರಿದ್ದು. ಅದನ್ನೂ ನೀವೇ ತೀರ್ಮಾನ ಮಾಡಿಬಿಟ್ರಿ."

"ನನ್ನ ಮೇಲೆ ಇಷ್ಟ ಇಲ್ಲ ಅಂತ ಒಂದು ಮಾತು ಹೇಳಿ, ಹೋಗ್ತೀನಿ."

"ಇಷ್ಟ ಇದೆ," ಎಂದಳು. "ಸುಳ್ಳು ಹೇಳೋಕೆ ನನಗೆ ಬರಲ್ಲ. ಆದ್ರೆ ಇನ್ನು ನೀವು ಏನು ಹೇಳಿದ್ರೂ, ಇದನ್ನ ಇನ್ಯಾರಿಗೆ ಹೇಳಿದ್ದೀರೋ ಅಂತ ಯೋಚಿಸ್ತಾ ಕೂತಿರ್ತೀನಿ. ಹೋಗಿ."

ಅವನು ಮೆಟ್ಟಿಲಿಳಿದ. ಕರೆಯಲೇ ಎಂದು ಚಿಕ್ಕಮ್ಮ ಕಣ್ಣಲ್ಲೇ ಕೇಳಿದಳು. ಅವಳು ಬೇಡವೆಂದು ತಲೆಯಾಡಿಸಿದಳು, ಆದರೆ ಬಾಗಿಲು ಬಿಟ್ಟು ಕದಲಲಿಲ್ಲ. ಅವನು ರಸ್ತೆ ದಾಟಿ, ತನ್ನ ಅಂಗಡಿಯೊಳಗೆ ಹೋಗಿ, ದೀಪ ಹಾಕಿಕೊಂಡ. ಒಂದು ಸಲವೂ ತಿರುಗಿ ನೋಡಲಿಲ್ಲ. ಹೋಗೆಂದದ್ದು ತಾನೇ ಎಂದು ಗೊತ್ತಿದ್ದರೂ, ಮಧ್ಯಾಹ್ನ ಮೋಸ ತಿಳಿದಾಗ ಬಾರದ ಅಳು ಅವಳಿಗೆ ಆಗ ಬಂತು.