ಓಲದ ಕಾರು

ತಪೇಲಿಯಲ್ಲಿ ಕಂಠಮಟ್ಟ ಕಟ್ಟಿನ ಸಾರಿತ್ತು. ತಪೇಲಿ ಬಸಲಿಂಗನ ತೊಡೆಯ ಮೇಲಿತ್ತು. ಕಾರು ಹುಲಿಕಟ್ಟಿ ಘಟ್ಟದ ಹದಿನಾಲ್ಕು ತಿರುವುಗಳನ್ನು ಗಂಟೆಗೆ ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಿತ್ತು. ಘಟ್ಟದ ಮೇಲಿನ ಅತ್ತೆಮನೆಯಲ್ಲಿ ಹೋಳಿಗೆಯೂಟ ಮುಗಿಸಿ ಬೆಳಗಾವಿಗೆ ಹೊರಟವರು ನಾಲ್ಕು ಜನ. ಮುಂದೆ ಕಾರಿನ ಒಡೆಯ ಚನ್ನವೀರ ಮತ್ತು ಅವನ ಷಡ್ಡಕ ಬಸಲಿಂಗ. ಹಿಂದಿನ ಇಕ್ಕಟ್ಟು ಸೀಟಿನಲ್ಲಿ ಅವರ ಹೆಂಡಂದಿರಾದ ಅಕ್ಕತಂಗಿಯರು, ಹೇಮಾ ಮತ್ತು ಕಸ್ತೂರಿ.

"ಬಿಗಿಯಾಗಿ ಹಿಡ್ಕೊಳ್ಳೂದು ಬ್ಯಾಡ ಬಸಲಿಂಗಣ್ಣಾರ. ಸುಮ್ಮ ತೊಡಿ ಮ್ಯಾಲೆ ಇಟ್ಕೊಳ್ರಿ. ಚೆಲ್ಲೂದಿಲ್ಲ" ಎಂದ ಚನ್ನವೀರ.

ಒಂದು ತೊಟ್ಟೂ ಚೆಲ್ಲಲಿಲ್ಲ. ಬಸಲಿಂಗ ಪ್ರತಿ ತಿರುವಿನಲ್ಲೂ ಆಸೆಯಿಂದ ಕಾದ. ತನ್ನ ಬಿಳಿ ಪ್ಯಾಂಟು ಹಾಳಾದರೂ ಚಿಂತೆಯಿಲ್ಲ, ಒಮ್ಮೆ ಚೆಲ್ಲಲಿ, ಹಿಂದೆ ಕುಳಿತ ಹೆಣ್ಣುಮಕ್ಕಳು ನೋಡಲಿ ಎಂದು ಬೇಡಿಕೊಂಡ. ಸಾರು ತಪೇಲಿಯಲ್ಲಿ ಕೆನೆಗಟ್ಟಿದ ಹಾಲಿನ ಹಾಗೆ ನಿಂತೇ ಇತ್ತು. 

ಇದೆಲ್ಲ ೨೦೬೧ನೇ ಇಸವಿಯ ಮಾತು. ಚನ್ನವೀರನ ಕೆಂಪು ಕಾರಿನಲ್ಲಿದ್ದದ್ದು ಹೊಸ ಬಗೆಯ ಓಲುತಡೆ ಸರಳು. ಹಾಗೆ ನೋಡಿದರೆ ಓಲುತಡೆ ಸರಳು ಹೊಸ ವಸ್ತುವೇನಲ್ಲ. ನೂರು ವರ್ಷಕ್ಕೂ ಹಿಂದಿನಿಂದ ಕಾರುಗಳ ಹೊಟ್ಟೆಯಡಿ ಅಡ್ಡಲಾಗಿ ಮಲಗಿರುವ, ಎರಡೂ ತುದಿ ಬಗ್ಗಿಸಿದ ಉಕ್ಕಿನ ಸರಳು ಅದು. ಎಡಗಾಲಿಯನ್ನೂ ಬಲಗಾಲಿಯನ್ನೂ ಒಂದಕ್ಕೊಂದು ಜೋಡಿಸುತ್ತದೆ. ತಿರುವಿನಲ್ಲಿ ಕಾರು ಹೊರಗಡೆಗೆ ವಾಲಿದಾಗ ಈ ಸರಳು ತಿರುಚಿಕೊಳ್ಳುತ್ತದೆ, ಮತ್ತೆ ನೆಟ್ಟಗಾಗಲು ಹೆಣಗುತ್ತ ಕಾರನ್ನು ಮಟ್ಟಕ್ಕೆ ಎಳೆಯುತ್ತದೆ. ಸರಳು ದಪ್ಪವಾದಷ್ಟೂ ಓಲಾಟ ಕಡಿಮೆ. ಆದರೆ ಅತಿ ಬಿಗಿಯಾದರೆ ಒಳಬದಿಯ ಗಾಲಿ ನೆಲಬಿಟ್ಟು ಮೇಲೇಳುತ್ತದೆ, ಕಾರು ಜಾರುತ್ತದೆ. ಎಷ್ಟು ದಪ್ಪ ಸಾಕು, ಎಷ್ಟು ಹೆಚ್ಚಾಯಿತು ಎಂಬುದರ ಮೇಲೆ ಕಾರಿನ ಹುಚ್ಚಿನವರು ಮೂರು ತಲೆಮಾರು ಜಗಳವಾಡಿದ್ದಾರೆ.

ಆ ಜಗಳವನ್ನು ಮುಗಿಸಿದವರು ಧಾರವಾಡದ ಲೋಹವಿಜ್ಞಾನಿ ಡಾ. ಸುಲೋಚನಾ ತೇರದಾಳ. ಮನುಷ್ಯ ಸ್ಟೇರಿಂಗ್ ತಿರುಗಿಸುವ ಕಾಲು ಸೆಕೆಂಡ್ ಮೊದಲೇ ಅವನ ಬೆರಳು ಬಿಗಿಯಾಗುತ್ತವೆ, ಬೆನ್ನು ಸೀಟಿಗೆ ಒತ್ತುತ್ತದೆ. ಸ್ಟೇರಿಂಗಿನಲ್ಲೂ ಸೀಟಿನಲ್ಲೂ ಹುದುಗಿಸಿದ ನವಿರಾದ ಎಳೆಗಳು ಈ ಬಿಗಿತವನ್ನು ಅಳೆದು ಸರಳಿಗೆ ವಿದ್ಯುತ್ತಿನ ಮೂಲಕ ತಿಳಿಸುತ್ತವೆ. ಅವರು ಕಂಡುಹಿಡಿದ 'ಮುನ್ನರಿವು ಲೋಹ' ಆಗ ಗಟ್ಟಿಯಾಗುವುದಷ್ಟೇ ಅಲ್ಲ, ಕಾರು ವಾಲುವ ಮುಂಚೆಯೇ ಎದುರು ದಿಕ್ಕಿಗೆ ತಾನೇ ತಿರುಚಿಕೊಳ್ಳುತ್ತದೆ. ಒಬ್ಬೊಬ್ಬರ ಕೈ ಒಂದೊಂದು ಬಗೆ. ಆದ್ದರಿಂದ ಕೂರಿಸಿದ ಮೊದಲ ಹನ್ನೊಂದು ದಿನ ಸರಳು ತನ್ನ ಚಾಲಕನನ್ನು ಕಲಿಯುತ್ತದೆ. ಇದಕ್ಕೆ ಅವರು 'ಹದಗೂಡುವ ಅವಧಿ' ಎಂದು ಹೆಸರಿಟ್ಟಿದ್ದರು.

ಇನ್ನು ಬಸಲಿಂಗನ ಸಂಕಟ. ಎರಕದ ಕಾರ್ಖಾನೆಗಳಿಗೆ ಅಚ್ಚು ಮಾಡಿಕೊಡುವ ಕಸುಬು ಅವನದು. ಕೈ ಅಷ್ಟು ಸೂಕ್ಷ್ಮ, ಮನಸ್ಸು ಅದಕ್ಕಿಂತ ಸೂಕ್ಷ್ಮ. ಚನ್ನವೀರ ಸಕ್ಕರೆ ವ್ಯಾಪಾರಿ, ಬಸಲಿಂಗನಿಗಿಂತ ಮೂರು ವರ್ಷ ಚಿಕ್ಕವನು. ಆದರೆ ಹಿರಿಯ ಮಗಳ ಗಂಡ. ಹಾಗಾಗಿ ಅತ್ತೆಮನೆಯಲ್ಲಿ ಮೊದಲ ಮಣೆ ಅವನಿಗೆ, ಮೊದಲ ಹೋಳಿಗೆ ಅವನ ಎಲೆಗೆ. ಬಸಲಿಂಗ ಚಿಕ್ಕವನನ್ನು 'ಚನ್ನವೀರಣ್ಣಾರ' ಎನ್ನಬೇಕು, ಚನ್ನವೀರ ವಯಸ್ಸು ನೋಡಿ ಇವನನ್ನು 'ಬಸಲಿಂಗಣ್ಣಾರ' ಎನ್ನುತ್ತಾನೆ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಅಣ್ಣಂದಿರಾಗಿ ಹನ್ನೆರಡು ವರ್ಷ ಹಲ್ಲು ಕಚ್ಚಿದ್ದರು.

ಆದರೆ ಒಂದು ಕಡೆ ಬಸಲಿಂಗನೇ ಮೊದಲಿಗ. ವರ್ಷಕ್ಕೊಮ್ಮೆ ನಡೆಯುವ ಹುಲಿಕಟ್ಟಿ ಘಟ್ಟದ ಕಾರು ಓಟದಲ್ಲಿ ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿನ ದಾಖಲೆ ಆರು ವರ್ಷ ಅವನ ಹೆಸರಲ್ಲಿತ್ತು. ಆ ಘಟ್ಟದಲ್ಲಿ ಮೂವತ್ತು ವರ್ಷ ಬಸ್ ಓಡಿಸಿದ ಮಾವ ದುಂಡಪ್ಪ ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹೋದ ವರ್ಷ ಚನ್ನವೀರ ಅದನ್ನೂ ಎರಡು ಸೆಕೆಂಡಿನಿಂದ ಕಿತ್ತುಕೊಂಡ. ಈ ವರ್ಷ ಅದನ್ನು ಮರಳಿ ಪಡೆಯದಿದ್ದರೆ ಬದುಕಿರುವವರೆಗೂ ತಾನು ಎರಡನೇ ಮಣೆಯವನೇ ಎಂದು ಬಸಲಿಂಗ ತೀರ್ಮಾನಿಸಿಬಿಟ್ಟಿದ್ದ.

ಮರುವಾರವೇ ಅವನೂ ಮುನ್ನರಿವು ಸರಳು ತರಿಸಿದ. ಚನ್ನವೀರ ದೊಡ್ಡ ಗ್ಯಾರೇಜಿನಲ್ಲಿ ಹಾಕಿಸಿದ್ದ. ಬಸಲಿಂಗ ತನ್ನ ಹಳದಿ ಕಾರನ್ನು ಮನೆಯ ಅಂಗಳದಲ್ಲೇ ಜಾಕಿಯಿಂದ ಎತ್ತಿ, ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಭಾನುವಾರ ಬೆಳಗಿನ ಚಹಾ ಕುಡಿದವನೇ ಕಾರಿನಡಿ ತೂರಿದ. ಹಳೆಯ ಸರಳಿನ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಎಣ್ಣೆ ಬಿಟ್ಟು ಕಾಯ್ದು ಒಂದೊಂದಾಗಿ ಬಿಚ್ಚಿದ. ಹೊಸ ಸರಳಿಗೆ ರಬ್ಬರ್ ಬುಷ್ ತೊಡಿಸಿ, ಒಳಗೆ ಗ್ರೀಸ್ ಸವರಿ, ಎಡಬಲ ಬೆರಳಂಚಿನಷ್ಟೂ ಹೆಚ್ಚುಕಡಿಮೆಯಾಗದಂತೆ ಕೂರಿಸಿದ. ನಟ್ಟುಗಳನ್ನು ಅರ್ಧ ಮಾತ್ರ ಬಿಗಿದು ಕಾರನ್ನು ನೆಲಕ್ಕಿಳಿಸಿ, ಹೆಂಡತಿಯನ್ನು ಕರೆದು ಚಾಲಕನ ಸೀಟಿನಲ್ಲಿ ಕೂರಿಸಿದ.

"ಎಷ್ಟೊತ್ತು ಕುಂದರ್ಲಿ?" ಎಂದಳು ಕಸ್ತೂರಿ.

"ನಟ್ಟು ಬಿಗಿಯೂ ತನಕ" ಎಂದು ಅಡಿಯಿಂದ ದನಿ ಬಂತು. "ಗಾಲಿ ನೆಲದ ಮ್ಯಾಲೆ ಇರಬೇಕು, ಸೀಟಿನ್ಯಾಗ ಭಾರ ಇರಬೇಕು. ಇಲ್ಲಂದ್ರ ಸರಳು ಮೊದಲ ದಿನದಿಂದಾನ ತಿರುಚಿಕೊಂಡು ಕೂಡ್ತೈತಿ."

"ನೀವು ಹಂಗ ಕುಂತೀರಲ್ರಿ, ಹೋಳಿಗಿ ಉಂಡು ಬಂದಾಗಿಂದ."

 ಕಸ್ತೂರಿ ಕೂತಲ್ಲೇ ಸರಳಿನ ಜೊತೆ ಬಂದ ಪುಸ್ತಿಕೆ ತೆರೆದು ಗಟ್ಟಿಯಾಗಿ ಓದಿದಳು: "'ಹದಗೂಡುವ ಅವಧಿಯಲ್ಲಿ ಚಾಲಕರು ತಮ್ಮ ನಿತ್ಯದ ಮನಃಸ್ಥಿತಿಯಲ್ಲಿರಬೇಕು.' ನಿಮ್ಮ ನಿತ್ಯದ ಮನಃಸ್ಥಿತಿ ಅಂದ್ರ ಯಾವದ್ರಿ?"

"ನಟ್ಟು ಬಿಗಿಯೂ ಪಾನಾ ಕೊಡು ಇಲ್ಲೆ" ಎಂದ ಬಸಲಿಂಗ.

ಕೂರಿಸುವ ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪಿರಲಿಲ್ಲ. ತಪ್ಪಾದದ್ದು ಆಮೇಲೆ. ಚನ್ನವೀರ ಘಟ್ಟವನ್ನು ಹೇಗೆ ಹತ್ತುತ್ತಾನೆ, ಯಾವ ತಿರುವಿನಲ್ಲಿ ಎಲ್ಲಿ ಬ್ರೇಕ್ ಒತ್ತುತ್ತಾನೆ ಎಂದು ತಿಳಿಯಬೇಕಿತ್ತು. ಆದ್ದರಿಂದ ಆ ಹನ್ನೊಂದು ದಿನವೂ ಬಸಲಿಂಗ ಕೆಂಪು ಕಾರಿನ ಬೆನ್ನು ಹತ್ತಿದ. ಅವನು ಸಕ್ಕರೆ ಗೋದಾಮಿಗೆ ಹೋದರೆ ಇವನೂ ಹೋದ, ಘಟ್ಟಕ್ಕೆ ಹೋದರೆ ಇವನೂ ಹೋದ. ಕಣ್ಣ ಮುಂದೆ ಆ ಕೆಂಪು ಬಣ್ಣ, ಸ್ಟೇರಿಂಗಿನ ಮೇಲೆ ಬಿಳುಚಿಕೊಂಡ ಗೆಣ್ಣುಗಳು, ಕಚ್ಚಿದ ಹಲ್ಲು. ಪಾಪ, ಸರಳಿಗೇನು ಗೊತ್ತು? ಇದೇ ಈ ಮನುಷ್ಯನ ನಿತ್ಯದ ಮನಃಸ್ಥಿತಿ ಎಂದುಕೊಂಡು ಅದು ಶ್ರದ್ಧೆಯಿಂದ ಕಲಿಯಿತು.

ಹನ್ನೆರಡನೇ ದಿನ ಕಸ್ತೂರಿಯನ್ನು ಕೂರಿಸಿಕೊಂಡು ಅವನು ಘಟ್ಟ ಹತ್ತಿದ. ಚನ್ನವೀರನನ್ನು ಸೋಲಿಸುವ ಯೋಚನೆಯಲ್ಲೇ ಹೊರಟಿದ್ದರಿಂದ ಕೈ ಹದವಾಗಿ ಬಿಗಿದಿತ್ತು, ಕಾರು ತಿರುವುಗಳನ್ನು ಕತ್ತರಿಸಿಕೊಂಡು ಹಾರಿತು. ಬಸಲಿಂಗನಿಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ಏಳನೇ ತಿರುವಿನಲ್ಲಿ ಎದುರಿನಿಂದ ಕೆಂಪು ಕಾರು ಇಳಿದು ಬಂತು. ಚನ್ನವೀರ ಕೈ ಬೀಸಿದ. ಅಷ್ಟೇ. ಹಳದಿ ಕಾರಿನ ಅಡಿಯಲ್ಲಿ ಕಟಕ್ಕೆಂದು ಸದ್ದಾಗಿ, ಒಳಬದಿಯ ಗಾಲಿ ಒಂದು ಗೇಣು ಮೇಲೆದ್ದಿತು. ಕಾರು ಅಡ್ಡಡ್ಡಲಾಗಿ ಜಾರಿ ಕಟ್ಟೆಗೆ ನಾಲ್ಕು ಬೆರಳು ದೂರದಲ್ಲಿ ನಿಂತಿತು. ಕಟ್ಟೆಯಾಚೆ ಮುನ್ನೂರು ಅಡಿ ಪಾತಾಳ. ಕಸ್ತೂರಿ ಇಳಿದು, ಮೇಲಿನಿಂದ ಬಂದ ಬಸ್ಸಿಗೆ ಕೈ ಮಾಡಿ ಮನೆಗೆ ಹೋದಳು.

ಬಸಲಿಂಗ ನೇರವಾಗಿ ಧಾರವಾಡದ ಪ್ರಯೋಗಾಲಯಕ್ಕೆ ಹೋದ. ಡಾ. ಸುಲೋಚನಾ ಸರಳಿನ ನೆನಪನ್ನು ಪರದೆಯ ಮೇಲೆ ತೆರೆದು ಬಹಳ ಹೊತ್ತು ನೋಡಿದರು. ಸಣ್ಣ ಆಳು, ದೊಡ್ಡ ಕನ್ನಡಕ.

"ನಿಮ್ಮ ಸರಳು ಕೆಟ್ಟೈತ್ರಿ ಮೇಡಂ" ಎಂದ ಬಸಲಿಂಗ.

"ಸರಳು ಚಲೋ ಐತ್ರಿ. ಕೂರಿಸಿದವರು ಯಾರು?"

"ನಾನ."

"ಇಷ್ಟು ಚಂದ ಕೂರಿಸಿದ್ದು ನಾನು ಗ್ಯಾರೇಜಿನ್ಯಾಗೂ ನೋಡಿಲ್ಲ. ಇಲ್ಲಿ ನೋಡ್ರಿ, ಈ ಗೆರಿ ನಿಮ್ಮ ಮುಷ್ಟಿ. ಹನ್ನೊಂದು ದಿನ ಒಂದು ತಾಸೂ ಸಡಿಲ ಆಗಿಲ್ಲ. ಮುಷ್ಟಿ ಬಿಗಿ ಇದ್ರ ಮಾತ್ರ ನೀವು ಗಾಡಿ ಓಡಸ್ತೀರಿ ಅಂತ ಅದು ಕಲಿತೈತಿ. ಈಗ ಅದಕ್ಕಿಂತ ಬಿಗಿ ಆದ್ರ ಅದು ಹದ್ದು ಮೀರಿ ತಿರುಚ್ತೈತಿ. ಇವತ್ತು ಏಳನೇ ತಿರುವಿನ್ಯಾಗ ಏನ್ ಕಂಡ್ರಿ?"

"ಏನಿಲ್ರಿ. ನಮ್ಮ ಷಡ್ಡಕ ಬಂದಿದ್ದ."

ಡಾ. ಸುಲೋಚನಾ ಕನ್ನಡಕ ತೆಗೆದು ಒರೆಸಿಕೊಂಡರು. "ಲೋಹಕ್ಕ ಹೊಟ್ಟಿಕಿಚ್ಚು ಗೊತ್ತಿಲ್ರಿ. ಅದಕ್ಕ ಬೆರಳು ಮಾತ್ರ ಗೊತ್ತು. ಕಲಿತದ್ದು ಅಳಿಸಿಕೊಡ್ತೇನಿ, ಮತ್ತ ಹನ್ನೊಂದು ದಿನ ಓಡಸ್ರಿ."

"ಓಟ ಇನ್ನ ಆರು ದಿನಕ್ಕ ಐತ್ರಿ."

"ಹಂಗಾರ ಈ ಸಲ ಬಿಡ್ರಿ. ಜೀವಕ್ಕಿಂತ ಓಟ ದೊಡ್ಡದೇನು?"

ಬಸಲಿಂಗ ಬಿಡಲಿಲ್ಲ. ಓಟದಲ್ಲಿ ಎರಡೆರಡು ನಿಮಿಷದ ಅಂತರದಲ್ಲಿ ಒಂದೊಂದೇ ಕಾರು ಬಿಡುತ್ತಾರೆ. ಚನ್ನವೀರ ತನಗಿಂತ ಮೊದಲು ಹೋಗುತ್ತಾನೆ, ಕಣ್ಣಿಗೇ ಬೀಳುವುದಿಲ್ಲ ಎಂದು ಲೆಕ್ಕ ಹಾಕಿದ. ಕಸ್ತೂರಿಗೆ ಮಾತ್ರ, ಮೇಡಂ ಎಲ್ಲ ಸರಿಮಾಡಿಕೊಟ್ಟರು ಎಂದು ಸುಳ್ಳು ಹೇಳಿದ.

ಓಟದ ದಿನ ಅವನ ಲೆಕ್ಕ ಒಂಬತ್ತನೇ ತಿರುವಿನವರೆಗೂ ಸರಿಯಾಗಿತ್ತು. ಆ ಹೊತ್ತಿಗೆ ಅವನು ಚನ್ನವೀರನ ದಾಖಲೆಗಿಂತ ಮೂರು ಸೆಕೆಂಡ್ ಮುಂದಿದ್ದ. ಹತ್ತನೇ ತಿರುವು ದಾಟುವಾಗ ಕೆಂಪು ಬಣ್ಣ ಕಣ್ಣಿಗೆ ಬಡಿಯಿತು. ಅಡಿಯಲ್ಲಿ ಕಟಕ್ಕೆಂದಿತು, ಕಾರು ಜಾರಿ ಗುಡ್ಡದ ಮಗ್ಗುಲಿಗೆ ಉಜ್ಜಿ ನಿಂತಿತು. ಇಳಿದು ನೋಡಿದ. ಕೆಂಪು ಕಾರು ಕಟ್ಟೆ ಒಡೆದುಕೊಂಡು, ಒಂದು ಹಿಂಗಾಲಿಯನ್ನು ಪಾತಾಳದ ಮೇಲೆ ಚಾಚಿ ಓರೆಯಾಗಿ ನಿಂತಿತ್ತು. ಒಳಗೆ ಚನ್ನವೀರ ಸ್ಟೇರಿಂಗನ್ನು ಅವಚಿಕೊಂಡು ಕುಳಿತಿದ್ದ.

ಬಸಲಿಂಗ ಮೊದಲು ಅಂದುಕೊಂಡದ್ದನ್ನು ಬರೆದರೆ ಓದುಗರು ಅವನನ್ನು ಕ್ಷಮಿಸಲಿಕ್ಕಿಲ್ಲ. ಅವನು ಅಂದುಕೊಂಡದ್ದು ಇಷ್ಟೇ: ದಾಖಲೆ ಹೋಯಿತು, ಆದರೆ ಅವನದೂ ಹೋಯಿತು. ಎರಡನೆಯದಾಗಿ ಅವನಿಗೆ ಹೇಮಕ್ಕನ ಮುಖ ನೆನಪಾಯಿತು. ಓಡಿದ.

ಅವನು ಹತ್ತಿರ ಬಂದಷ್ಟೂ ಕೆಂಪು ಕಾರಿನ ಅಡಿಯಲ್ಲಿ ಲೋಹ ನರಳಿತು, ನೆಲದಿಂದ ಎದ್ದಿದ್ದ ಇನ್ನೊಂದು ಹಿಂಗಾಲಿ ಮತ್ತಷ್ಟು ಎದ್ದಿತು. ಬಸಲಿಂಗ ಗಕ್ಕನೆ ನಿಂತ. ಒಂದು ಹೆಜ್ಜೆ ಹಿಂದೆ ಸರಿದ, ಗಾಲಿ ಸ್ವಲ್ಪ ಇಳಿಯಿತು. ಮತ್ತೆ ಮುಂದಿಟ್ಟ, ಎದ್ದಿತು.

"ಚನ್ನವೀರಣ್ಣಾರ, ಅಲ್ಲಾಡಬ್ಯಾಡ್ರಿ. ಹೆಂಗಾತು ಇದು?"

"ಮ್ಯಾಲಿನ ತಿರುವಿನಿಂದ ನಿಮ್ಮ ಹಳದಿ ಗಾಡಿ ಏರಿ ಬರೂದು ಕಂಡ್ತು" ಎಂದ ಚನ್ನವೀರ.  "ಕಂಡಕೂಡ್ಲೆ ಹಿಂಗಾತು. ಮುಂಚೆನೂ ಎರಡು ಸಲ ಆಗೇತಿ. ಹನ್ನೊಂದು ದಿನ ನೀವು ಕನ್ನಡಿಯೊಳಗ ಬೆನ್ನ ಹತ್ತಿದ್ರಲ್ರಿ, ಆವಾಗಿಂದ."

ಬಸಲಿಂಗ ಮೆಲ್ಲಗೆ ಹೋಗಿ, ಕಾರಿನ ಮೂಗು ನೆಲ ಬಿಡದಂತೆ ಬಾನೆಟ್ಟಿನ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ಕುಳಿತ. ಈಗ ಗಾಜಿನ ಆಚೆ ಈಚೆ ಇಬ್ಬರೂ ಮುಖಾಮುಖಿ.

"ನನ್ನ ಕಂಡ್ರ ನಿಮಗ್ಯಾಕ್ರಿ? ನನ್ನ ಹತ್ರ ಏನೈತಿ?"

"ಏನೈತಿ ಅಂತೀರಾ?" ಚನ್ನವೀರನ ಕಣ್ಣು ತುಂಬಿದವು. "ಮಾವನ ಪಂಪ್‌ಸೆಟ್ ಕೆಟ್ರ ನಿಮಗ ಫೋನ್ ಬರ್ತೈತಿ. ಬಾಗಲಾ ಜೋತುಬಿದ್ರ ನಿಮಗ ಬರ್ತೈತಿ. ಹನ್ನೆರಡು ವರ್ಷದಾಗ ನನಗ ಒಂದ ದಿನ ಮಾಡಿಲ್ಲ. ಸರಳು ನೀವ ಮನಿಯೊಳಗ ಹಾಕೀರಿ ಅಂತ ಮಾವ ನನ್ನ ಮುಂದನ ನಾಕು ಸಲ ಹೇಳಿದ. ನನಗ ಮೊದಲ ಬಡಸ್ತಾರ, ಹೌದು. ಬಡಿಸಿ ನಿಮ್ಮ ಜೋಡಿ ಮಾತಾಡ್ತಾರ."

ಬಸಲಿಂಗ ಬಾಯಿ ತೆರೆದುಕೊಂಡು ಕೇಳಿದ. ತನ್ನನ್ನು ಕಂಡು ಇನ್ನೊಬ್ಬನ ಹೊಟ್ಟೆ ಉರಿಯಬಹುದು ಎಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ. ಮೊದಲು ಖುಷಿಯಾಯಿತು, ಒಳ್ಳೆಯ ಖುಷಿಯೇನಲ್ಲ. ಆಮೇಲೆ ಎದುರಿಗೆ ಮೂಗೊರೆಸಿಕೊಳ್ಳಲೂ ಕೈ ಬಿಡಲಾರದೆ ಕುಳಿತ ಆ ಮನುಷ್ಯನನ್ನು ನೋಡಿ ತನ್ನನ್ನೇ ನೋಡಿದಂತಾಗಿ ನಾಚಿಕೆಯಾಯಿತು.

"ಹಂಗಾರ ಒಂದ್ ಕೆಲಸಾ ಮಾಡೂಣ್ರಿ" ಎಂದ. "ಆ ಮೊದಲನೇ ಹೋಳಿಗಿ ನನಗ ಕೊಟ್ಟುಬಿಡ್ರಿ. ಮಾವನ ಪಂಪ್‌ಸೆಟ್ ನೀವು ತಗೋರಿ. ಮಾತೂ ನೀವ ಕೇಳ್ರಿ. ಅವರು ಬಸ್ ಓಡಿಸಿದ ಕತಿ ಅದು, ಮೂವತ್ತು ವರ್ಷದ್ದು. ಹನ್ನೆರಡು ವರ್ಷದಾಗ ಇನ್ನಾ ಅರ್ಧ ದಾರಿನೂ ಬಂದಿಲ್ಲ."

ಚನ್ನವೀರ ಅಳುತ್ತಲೇ ನಕ್ಕ. ನಕ್ಕಾಗ ಬೆರಳು ಸಡಿಲವಾದವು. ಕಾರಿನ ಅಡಿಯಲ್ಲಿ ಸರಳು ಉಸಿರು ಬಿಟ್ಟಂತೆ ಬಿಚ್ಚಿಕೊಂಡಿತು, ಇನ್ನೊಂದು ಹಿಂಗಾಲಿ ನೆಲವನ್ನು ಗಟ್ಟಿಯಾಗಿ ಕಚ್ಚಿತು. "ಹಂಗ ಮುಂದ ಬರ್ರಿ, ಸಾವಕಾಶ" ಎಂದ ಬಸಲಿಂಗ. ಕೆಂಪು ಕಾರು ಅವನನ್ನು ಮೂಗಿನ ಮೇಲೆ ಹೊತ್ತುಕೊಂಡು ರಸ್ತೆಗೆ ಬಂತು.

ಆ ವರ್ಷದ ದಾಖಲೆ ನಾಲ್ಕು ನಿಮಿಷ ಒಂಬತ್ತು ಸೆಕೆಂಡ್. ಗೆದ್ದವಳು ನಿಪ್ಪಾಣಿ ಕಡೆಯ ಒಬ್ಬ ಶಾಲಾ ಶಿಕ್ಷಕಿ, ಅವಳ ಕಾರಿನಲ್ಲಿದ್ದದ್ದು ಬರೀ ಉಕ್ಕಿನ ಹಳೆಯ ಸರಳು. ಅದನ್ನು ಕೇಳಿದಾಗ ನಿಂತಲ್ಲೇ ಎರಡೂ ಕಾರು ತುಸು ಮೇಲೆದ್ದವು ಎಂದು ನೋಡಿದವರು ಹೇಳುತ್ತಾರೆ. ನಾನು ನಂಬುವುದಿಲ್ಲ.

ಡಾ. ಸುಲೋಚನಾ ಕೂಡ ಊಹಿಸದಿದ್ದ ಸಂಗತಿ ಅದರ ನಂತರ ಗೊತ್ತಾಯಿತು. ಬಿಗಿಮುಷ್ಟಿಯನ್ನೇ ಚಾಲನೆ ಎಂದು ಕಲಿತಿದ್ದ ಸರಳು, ಈಗ ಬಸಲಿಂಗನ ಹಗುರವಾದ ಕೈಯನ್ನು ಗುರುತಿಸಲಿಲ್ಲ. ಚಾಲಕ ಕಾರು ನಿಲ್ಲಿಸಿ ಮಲಗಿದ್ದಾನೆ ಎಂದು ತಿಳಿದು ಸುಮ್ಮನಿದ್ದುಬಿಟ್ಟಿತು. ಹಳದಿ ಕಾರು ಪ್ರತಿ ತಿರುವಿನಲ್ಲೂ ಕಬ್ಬು ಹೇರಿದ ಟ್ರ್ಯಾಕ್ಟರಿನ ಹಾಗೆ ವಾಲತೊಡಗಿತು. ಗಂಟೆಗೆ ಮೂವತ್ತು ದಾಟುವಂತಿರಲಿಲ್ಲ. ವಿಜ್ಞಾನಿ ಫೋನ್ ಮಾಡಿ, "ತಂದುಬಿಡ್ರಿ, ಅಳಿಸಿಕೊಡ್ತೇನಿ. ಹನ್ನೊಂದು ದಿನದಾಗ ಮತ್ತ ಹಾರ್ತೈತಿ" ಎಂದರು. ಬಸಲಿಂಗ ಮುಂದಿನ ವಾರ ಬರುತ್ತೇನೆ ಎಂದ.

ಆ ಭಾನುವಾರ ಅವನು ಕಸ್ತೂರಿಯ ಜೊತೆ ಘಟ್ಟ ಇಳಿಯುತ್ತಿದ್ದ. ಕಾರು ತೊಟ್ಟಿಲಿನಂತೆ ಓಲಾಡುತ್ತಿತ್ತು. ಹಿಂದೆ ಲಾರಿಗಳು ಹಾರ್ನ್ ಬಾರಿಸಿ ದಾಟಿ ಹೋದವು. ಏನೋ ಹೇಳಲೆಂದು ಪಕ್ಕಕ್ಕೆ ನೋಡಿದರೆ ಅವಳು ನಿದ್ದೆ ಹೋಗಿದ್ದಳು. ಹನ್ನೆರಡು ವರ್ಷದಲ್ಲಿ ಅವಳು ಈ ಘಟ್ಟದಲ್ಲಿ ಕಣ್ಣು ಮುಚ್ಚಿದ್ದನ್ನು ಅವನು ಕಂಡಿರಲಿಲ್ಲ. ಅವಳ ಬದಿಯ ಬಾಗಿಲ ಮೇಲಿನ ಹಿಡಿಕೆಯತ್ತ ಅವನ ಕಣ್ಣು ಹೋಯಿತು. ಅದರ ಕರಿಯ ಬಣ್ಣ, ನಾಲ್ಕು ಬೆರಳು ಕೂರುವ ಜಾಗದಲ್ಲಿ, ಪೂರ್ತಿ ಸವೆದು ಬೆಳ್ಳಗಾಗಿತ್ತು. ಇವತ್ತು ಆ ಕೈ ಅವಳ ಮಡಿಲಲ್ಲಿತ್ತು.

ಬಸಲಿಂಗ ಇನ್ನೂ ನಿಧಾನ ಮಾಡಿದ. ಧಾರವಾಡಕ್ಕೆ ಅವನು ಹೋಗಲೇ ಇಲ್ಲ.